ಮನೇಲೇ ಸ್ಪ್ಯಾನಿಷ್ ಮಾತಾಡೋ ಹುಡುಗರಿಗೆ ಕಾಲೇಜಲ್ಲಿ ಮತ್ತೆ ಸ್ಪ್ಯಾನಿಷ್ ಯಾಕೆ ಕಲಿಸ್ತಾರೆ?

2025ರ ಸೆಪ್ಟೆಂಬರ್‌ನಲ್ಲಿ ಒಂದೇ ವಾರದೊಳಗೆ ಅಮೆರಿಕದಿಂದ ಎರಡು ಸುದ್ದಿ ಬಂತು. 8ನೇ ತಾರೀಕು ಅಲ್ಲಿನ ಸುಪ್ರೀಂ ಕೋರ್ಟು ಲಾಸ್ ಏಂಜಲಿಸ್ ಭಾಗದ ಒಂದು ಕೇಸಲ್ಲಿ ಕೆಳಗಿನ ಕೋರ್ಟಿನ ಆದೇಶಕ್ಕೆ ತಡೆ ಕೊಡ್ತು. ನೋಡೋಕೆ ಯಾವ ಜನಾಂಗದವರ ಥರ ಇದಾರೆ, ಎಂಥಾ ಜಾಗದಲ್ಲಿ ನಿಂತಿದಾರೆ, ಏನು ಕೆಲಸ ಮಾಡ್ತಾರೆ, ಸ್ಪ್ಯಾನಿಷ್ ಮಾತಾಡ್ತಾರಾ ಅಥವಾ ಇಂಗ್ಲಿಷನ್ನ ಬೇರೆ ಧಾಟೀಲಿ ಮಾತಾಡ್ತಾರಾ, ಇಷ್ಟನ್ನೇ ಇಟ್ಕೊಂಡು ವಲಸೆ ಇಲಾಖೆಯವರು ಯಾರನ್ನೂ ತಡೆದು ನಿಲ್ಲಿಸಬಾರದು ಅಂತ ಆ ಆದೇಶ ಇತ್ತು. ಇನ್ನೆರಡು ದಿನ ಬಿಟ್ಟು, 10ನೇ ತಾರೀಕು, ಫೆಡರಲ್ ಶಿಕ್ಷಣ ಇಲಾಖೆ ಅಲ್ಪಸಂಖ್ಯಾತ ವಿದ್ಯಾರ್ಥಿಗಳು ಜಾಸ್ತಿ ಇರೋ ಕಾಲೇಜುಗಳಿಗೆ ಹೋಗ್ತಿದ್ದ ಸುಮಾರು 35 ಕೋಟಿ ಡಾಲರ್ ಗ್ರಾಂಟ್ ನಿಲ್ಲಿಸ್ತೀವಿ ಅಂತ ಹೇಳ್ತು. ಅದ್ರಲ್ಲಿ ದೊಡ್ಡ ಪಾಲು ಹಿಸ್ಪಾನಿಕ್, ಅಂದ್ರೆ ಸ್ಪ್ಯಾನಿಷ್ ಮಾತಾಡೋ ದೇಶಗಳ ಮೂಲದ, ವಿದ್ಯಾರ್ಥಿಗಳು ಓದೋ ಕಾಲೇಜುಗಳದ್ದು.

ಇದ್ರ ಜೊತೆಗೇ ಒಂದು ಚರ್ಚೆ ಮತ್ತೆ ಎದ್ದಿದೆ, ಮನೇಲಿ ಸ್ಪ್ಯಾನಿಷ್ ಮಾತಾಡ್ಕೊಂಡೇ ಬೆಳೆದ ಹುಡುಗರಿಗೆ ಕಾಲೇಜಲ್ಲಿ ಪ್ರತ್ಯೇಕ ಸ್ಪ್ಯಾನಿಷ್ ಕ್ಲಾಸ್ ಯಾಕೆ ಬೇಕು ಅಂತ. ಹೊರಗಿಂದ ನೋಡೋರಿಗೆ ಗೊಂದಲ ಆಗೋದು ಸಹಜ. ಗೊತ್ತಿರೋ ಭಾಷೆನೇ ಮತ್ತೆ ಕಲಿಸೋದು ಅಂದ್ರೆ ಏನು, ಅದಕ್ಕೂ ಸರ್ಕಾರದ ದುಡ್ಡಿಗೂ ಎಲ್ಲಿಂದ ಸಂಬಂಧ, ಇದನ್ನ ಒಂದೊಂದಾಗಿ ನೋಡೋಣ.

ಹೆರಿಟೇಜ್ ಸ್ಪೀಕರ್ ಅಂದ್ರೆ ಯಾರು

ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ಭಾಷಾ ಸಂಶೋಧಕಿ ಗ್ವಾಡಲೂಪೆ ವಾಲ್ಡೆಸ್ ಅವರು 2000ದ ಆಸುಪಾಸಲ್ಲಿ ಕೊಟ್ಟ ವಿವರಣೆನೇ ಇವತ್ತಿಗೂ ಎಲ್ರೂ ಬಳಸ್ತಾರೆ. ಇಂಗ್ಲಿಷ್ ಅಲ್ಲದ ಭಾಷೆ ಮಾತಾಡೋ ಮನೇಲಿ ಬೆಳೆದೋರು, ಆ ಭಾಷೆ ಮಾತಾಡೋರು ಅಥವಾ ಕನಿಷ್ಠ ಪಕ್ಷ ಅರ್ಥ ಮಾಡ್ಕೊಳೋರು, ಒಂದು ಮಟ್ಟಕ್ಕಾದ್ರೂ ಎರಡೂ ಭಾಷೆ ಇರೋರು. ಈ "ಒಂದು ಮಟ್ಟಕ್ಕೆ" ಅನ್ನೋದ್ರೊಳಗೆ ಬಹಳ ದೊಡ್ಡ ವ್ಯತ್ಯಾಸ ಅಡಗಿದೆ. ಹನ್ನೆರಡನೇ ವಯಸ್ಸಿಗೆ ಮೆಕ್ಸಿಕೋದಿಂದ ಬಂದು ಅಲ್ಲೇ ಆರನೇ ಕ್ಲಾಸ್‌ವರೆಗೆ ಓದಿರೋ ಹುಡುಗಿನೂ ಹೆರಿಟೇಜ್ ಸ್ಪೀಕರೇ, ಅಜ್ಜಿ ಸ್ಪ್ಯಾನಿಷಲ್ಲಿ ಕೇಳಿದ್ದಕ್ಕೆ ಇಂಗ್ಲಿಷಲ್ಲಿ ಉತ್ತರ ಕೊಡೋ ಮೂರನೇ ತಲೆಮಾರಿನ ಹುಡುಗನೂ ಹೆರಿಟೇಜ್ ಸ್ಪೀಕರೇ. ಇಬ್ರೂ ಒಂದೇ ಬೆಂಚಲ್ಲಿ ಬಂದು ಕೂತ್ಕೋತಾರೆ.

ಅಮೆರಿಕದಲ್ಲಿ ಮನೇಲಿ ಸ್ಪ್ಯಾನಿಷ್ ಮಾತಾಡೋರು ನಾಲ್ಕು ಕೋಟಿಗೂ ಜಾಸ್ತಿ. ಇಷ್ಟೊಂದು ಜನ ಇರುವಾಗ ಭಾಷೆ ತಾನಾಗೇ ಉಳಿಯತ್ತೆ ಅಂತ ಅನ್ಸತ್ತೆ, ಆದ್ರೆ ತಲೆಮಾರಿನ ಲೆಕ್ಕ ಬೇರೆ ಹೇಳತ್ತೆ. ಪ್ಯೂ ರಿಸರ್ಚ್ ಸೆಂಟರ್ ಅನ್ನೋ ಸಮೀಕ್ಷೆ ಸಂಸ್ಥೆ 2023ರಲ್ಲಿ ಹೊರಗೆ ತಂದ ವರದಿ ಪ್ರಕಾರ ಹಿಸ್ಪಾನಿಕ್ ವಯಸ್ಕರಲ್ಲಿ ಶೇ 24ರಷ್ಟು ಜನಕ್ಕೆ ಸ್ಪ್ಯಾನಿಷಲ್ಲಿ ಸರಿಯಾಗಿ ಸಂಭಾಷಣೆ ಮಾಡೋಕೆ ಬರಲ್ಲ. ಮೂರನೇ ತಲೆಮಾರು ಮತ್ತು ಅದ್ರ ಮುಂದಿನೋರಲ್ಲಂತೂ ಸುಮಾರು ಮೂರರಲ್ಲಿ ಎರಡು ಪಾಲು ಜನ ಹಾಗಿದಾರೆ. ಅದೇ ವರದೀಲಿ ಶೇ 85ರಷ್ಟು ಜನ ಮುಂದಿನ ಮಕ್ಕಳಿಗೆ ಸ್ಪ್ಯಾನಿಷ್ ಬರೋದು ಮುಖ್ಯ ಅಂತಾನೂ ಹೇಳಿದಾರೆ. ಆಸೆ ಇದೆ, ಆದ್ರೆ ಮನೆಯೊಳಗೇ ಕೊಂಡಿ ಕಳಚ್ತಾ ಇದೆ. ಮನೇಲಿ ಕಳಚಿದ್ದನ್ನ ಹುಡುಗರು ತಾವೇ ಇಷ್ಟಪಟ್ಟು ಮತ್ತೆ ಹಿಡ್ಕೊಳೋಕೆ ಹೋಗೋ ಮುಖ್ಯ ಜಾಗ ಕಾಲೇಜು. ಅದಕ್ಕೇ ಈ ಕ್ಲಾಸಿನ ವಿಷ್ಯ ಚಿಕ್ಕದಲ್ಲ.

ಎರಡು ಥರದ ವಿದ್ಯಾರ್ಥಿಗಳು, ತದ್ವಿರುದ್ಧ ಕಷ್ಟ

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡ್ಬೇಕು, ಯಾಕಂದ್ರೆ ಇಡೀ ವಾದ ನಿಂತಿರೋದೇ ಇದ್ರ ಮೇಲೆ.

"ನಾನು ಹೋಗ್ಲಿ ಅಂತ ಅಮ್ಮನಿಗೆ ಆಸೆ" ಅನ್ನೋದಕ್ಕೆ ಸ್ಪ್ಯಾನಿಷಲ್ಲಿ "ಮಿ ಮಮಾ ಕಿಯೇರೆ ಕೆ ವಾಯಾ" ಅಂತಾರೆ. ಈ "ವಾಯಾ" ಅನ್ನೋ ರೂಪ ಸಬ್‌ಜಂಕ್ಟಿವ್, ಅಂದ್ರೆ ಆಗಿರೋದನ್ನ ಹೇಳೋಕಲ್ಲ, ಆಸೆ, ಅನುಮಾನ, ಅಪ್ಪಣೆ ಇಂಥದ್ದನ್ನ ಹೇಳೋಕೆ ಬಳಸೋ ಕ್ರಿಯಾಪದ ರೂಪ. ಹೊರಗಿನೋರಿಗೆ, ಅಂದ್ರೆ ಮನೇಲಿ ಸ್ಪ್ಯಾನಿಷ್ ಇಲ್ದೋರಿಗೆ, ಸ್ಪ್ಯಾನಿಷ್ ಕಲಿಯುವಾಗ ಇದೇ ದೊಡ್ಡ ಬೆಟ್ಟ. ಎರಡು ವರ್ಷ ಓದಿದ ಮೇಲೂ ಮಾತಾಡೋವಾಗ ಒಂದು ಕ್ಷಣ ನಿಂತು ಲೆಕ್ಕ ಹಾಕ್ತಾರೆ. ಮನೇಲಿ ಕೇಳಿ ಬೆಳೆದ ಹುಡುಗಿ ಆ ವಾಕ್ಯನ ಯೋಚನೆನೇ ಮಾಡ್ದೆ ಹೇಳ್ಬಿಡ್ತಾಳೆ. ಆದ್ರೆ ಪ್ರಶ್ನೆಪತ್ರಿಕೇಲಿ "ಕೆಳಗಿನ ಕ್ರಿಯಾಪದಗಳನ್ನ ಪ್ರೆಸೆಂಟ್ ಸಬ್‌ಜಂಕ್ಟಿವ್‌ಗೆ ಬದಲಾಯಿಸಿ" ಅಂತ ಬಂದ್ರೆ ಅವಳು ಖಾಲಿ ಬಿಡ್ತಾಳೆ, ಯಾಕಂದ್ರೆ ಆ ಹೆಸರನ್ನೇ ಅವಳು ಕೇಳಿರಲ್ಲ. ಹೊರಗಿನ ಹುಡುಗ ಪೂರ್ತಿ ಮಾರ್ಕ್ಸ್ ತಗೋತಾನೆ. ಮಾರ್ಕ್ಸ್ ನೋಡಿದ್ರೆ ಅವನಿಗೇ ಸ್ಪ್ಯಾನಿಷ್ ಚೆನ್ನಾಗಿ ಬರತ್ತೆ, ಬೀದೀಲಿ ಮಾತಾಡಿಸಿದ್ರೆ ಅವಳಿಗೆ.

ಬರವಣಿಗೆಗೆ ಬಂದ್ರೆ ಇದು ಇನ್ನೂ ಸ್ಪಷ್ಟ ಆಗತ್ತೆ. ಸ್ಪ್ಯಾನಿಷಲ್ಲಿ ಹೆಚ್ ಅಕ್ಷರಕ್ಕೆ ಶಬ್ದ ಇಲ್ಲ, ಬಿ ಮತ್ತು ವಿ ಎರಡಕ್ಕೂ ಒಂದೇ ಶಬ್ದ, ಲ್ಯಾಟಿನ್ ಅಮೆರಿಕದ ಕಡೆ ಎಸ್ ಮತ್ತು ಝಡ್‌ಗೂ ಒಂದೇ. ಹಾಗಾಗಿ ಕಿವಿಯಿಂದ ಕಲಿತೋರು "ಈಬಾ" ಅನ್ನೋದನ್ನ ಬಿ ಬದಲು ವಿ ಹಾಕಿ ಬರೀತಾರೆ, "ಈಸೋ" ಅನ್ನೋದ್ರಲ್ಲಿ ಝಡ್ ಬದಲು ಎಸ್ ಹಾಕ್ತಾರೆ, "ಅ ಬೇರ್" (ನೋಡೋಣ) ಮತ್ತು "ಅಬೇರ್" (ಇರೋದು) ಎರಡನ್ನೂ ಒಂದೇ ಥರ ಬರೆದ್ಬಿಡ್ತಾರೆ. ಪುಸ್ತಕದಿಂದ ಕಲಿತೋರು ಈ ತಪ್ಪು ಕಡಿಮೆ ಮಾಡ್ತಾರೆ, ಅವರು ಪದನ ಕೇಳೋ ಮುಂಚೆನೇ ನೋಡಿರ್ತಾರಲ್ಲ. ನಮ್ಮಲ್ಲಿ ಎಷ್ಟೋ ಕಡೆ ಹಾಲಿಗೆ ಆಲು ಅಂತಾರೆ, ಬರೆಯುವಾಗ್ಲೂ ಹಕಾರ ಅಕಾರ ಆಚೀಚೆ ಆಗತ್ತೆ, ಅಷ್ಟಕ್ಕೇ ಅವರಿಗೆ ಕನ್ನಡ ಬರಲ್ಲ ಅಂತ ಯಾರೂ ಹೇಳಲ್ಲ. ಈ ಹುಡುಗರದ್ದೂ ಇದೇ ಥರದ ಕಷ್ಟ. ಆದ್ರೆ ಹೊರಗಿನೋರಿಗೆ ಅಂತ ಮಾಡಿದ ಟೆಸ್ಟಲ್ಲಿ ಇದೇ ತಪ್ಪುಗಳು "ಭಾಷೆ ಬರಲ್ಲ" ಅನ್ನೋ ಲೆಕ್ಕಕ್ಕೆ ಹೋಗತ್ತೆ.

ಇನ್ನೊಂದು, ಮನೆ ಭಾಷೆ ಮನೆ ವಿಷಯಕ್ಕೆ ಸೀಮಿತ ಆಗಿರತ್ತೆ. ಅಡುಗೆ, ಜಗಳ, ಹಬ್ಬ, ಚರ್ಚು ಇವಕ್ಕೆಲ್ಲಾ ಪದ ಇರತ್ತೆ, ಬಾಡಿಗೆ ಕರಾರು ಅಥವಾ ಒಂದು ಪ್ರಬಂಧದ ವಾದಕ್ಕೆ ಇರಲ್ಲ. ಅಮ್ಮನಿಗೆ "ನೀನು" ಅಂತ ಕರೆದೇ ಅಭ್ಯಾಸ ಇದ್ರೆ ಪ್ರೊಫೆಸರ್‌ಗೆ ಇಮೇಲ್ ಬರೆಯುವಾಗ "ನೀವು" ಅನ್ನೋದಕ್ಕೆ ಇರೋ "ಉಸ್ತೇದ್" ಜೊತೆ ಯಾವ ಕ್ರಿಯಾಪದ ಬರತ್ತೆ ಅಂತ ತಡವರಿಸ್ತಾರೆ. ಸ್ಕೂಲು ಪೂರ್ತಿ ಇಂಗ್ಲಿಷಲ್ಲಿ ಆಯ್ತಲ್ಲ, ಆ ಭಾಗ ಸ್ಪ್ಯಾನಿಷಲ್ಲಿ ಬೆಳೆಯೋಕೆ ಅವಕಾಶನೇ ಸಿಕ್ಕಿರಲ್ಲ.

ಹಾಗಾಗಿ ಒಬ್ಬರಿಗೆ ಇರೋದು ಇನ್ನೊಬ್ಬರಿಗೆ ಇಲ್ಲ. ಇಬ್ರನ್ನೂ ಒಂದೇ ಕ್ಲಾಸಿಗೆ ಹಾಕಿದ್ರೆ ಹೊರಗಿನ ಹುಡುಗರು ಮನೆಮಾತಿನೋರ ಸ್ಪೀಡ್ ನೋಡಿ ಬಾಯಿ ಮುಚ್ಕೋತಾರೆ, ಮನೆಮಾತಿನೋರು ವ್ಯಾಕರಣದ ಹೆಸರುಗಳ ಮುಂದೆ ತಮ್ಮದೇ ಭಾಷೇಲಿ ದಡ್ಡರ ಥರ ಕೂತ್ಕೋತಾರೆ, ಮೇಷ್ಟ್ರು ಇವರನ್ನ ಉಚ್ಚಾರಣೆ ತೋರಿಸೋಕೆ ಬಳಸ್ಕೋತಾರೆ. ಯಾರೂ ಮುಂದೆ ಹೋಗಲ್ಲ.

ಇದೆಲ್ಲಾ ಎಲ್ಲಿಂದ ಶುರು ಆಯ್ತು

ಸ್ಪ್ಯಾನಿಷ್ ಅಮೆರಿಕಕ್ಕೆ ಮೊನ್ನೆ ಬಂದ ಭಾಷೆ ಅಲ್ಲ. ಇವತ್ತಿನ ನ್ಯೂ ಮೆಕ್ಸಿಕೋಗೆ ಸ್ಪ್ಯಾನಿಷ್ ಮಾತಾಡೋರು ಬಂದು ನೆಲೆಸಿದ್ದು 1598ರಲ್ಲಿ. 1848ರ ಗ್ವಾಡಲೂಪೆ ಇಡಾಲ್ಗೋ ಒಪ್ಪಂದದ ನಂತರ ಮೆಕ್ಸಿಕೋದ ಅರ್ಧದಷ್ಟು ನೆಲ ಅಮೆರಿಕಕ್ಕೆ ಸೇರ್ತು, ಅಲ್ಲಿದ್ದ ಜನ ಕೂತ ಜಾಗದಲ್ಲೇ ಇನ್ನೊಂದು ದೇಶದೋರಾದ್ರು. ಟೆಕ್ಸಾಸ್ 1918ರಲ್ಲಿ ಸ್ಕೂಲಲ್ಲಿ ಇಂಗ್ಲಿಷಲ್ಲೇ ಕಲಿಸ್ಬೇಕು ಅಂತ ಕಾನೂನು ಮಾಡ್ತು. ಆಟದ ಮೈದಾನದಲ್ಲಿ ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಮಕ್ಕಳಿಗೆ ಏಟು, ದಂಡ ಹಾಕೋದು 1960ರ ದಶಕದವರೆಗೂ ಅಲ್ಲಿ ಮಾಮೂಲಿ ಆಗಿತ್ತು. ಆ ಏಟು ತಿಂದೋರು ಮುಂದೆ ತಂದೆ-ತಾಯಿ ಆದಾಗ ಎಷ್ಟೋ ಜನ ಮಕ್ಕಳ ಜೊತೆ ಬೇಕಂತಲೇ ಇಂಗ್ಲಿಷ್ ಮಾತ್ರ ಮಾತಾಡಿದ್ರು. ಇವತ್ತು ಕಾಲೇಜಿಗೆ ಬಂದು "ನಂಗೆ ಅರ್ಥ ಆಗತ್ತೆ, ಮಾತಾಡೋಕೆ ಬರಲ್ಲ" ಅನ್ನೋ ಎಷ್ಟೋ ಹುಡುಗರು ಅವರ ಮೊಮ್ಮಕ್ಕಳು.

1968ರಲ್ಲಿ ಬೈಲಿಂಗ್ಯುವಲ್ ಎಜುಕೇಶನ್ ಆಕ್ಟ್, ಅಂದ್ರೆ ದ್ವಿಭಾಷಾ ಶಿಕ್ಷಣದ ಕಾಯ್ದೆ, ಬಂತು, ಅದೇ ವರ್ಷ ಈಸ್ಟ್ ಲಾಸ್ ಏಂಜಲಿಸ್‌ನಲ್ಲಿ ಸಾವಿರಾರು ಹೈಸ್ಕೂಲ್ ಮಕ್ಕಳು ಸ್ಕೂಲಿನ ಭೇದಭಾವ ವಿರೋಧಿಸಿ ಕ್ಲಾಸ್ ಬಿಟ್ಟು ಹೊರಗೆ ಬಂದ್ರು. ಆಮೇಲೆ 70ರ ದಶಕದಿಂದ ಕಾಲೇಜುಗಳಲ್ಲಿ ಮನೆಮಾತಿನೋರಿಗೆ ಅಂತಲೇ ಸ್ಪ್ಯಾನಿಷ್ ಕೋರ್ಸುಗಳು ಬೆಳೆದ್ವು. ಇವತ್ತು ನ್ಯೂ ಮೆಕ್ಸಿಕೋ, ಅರಿಜೋನಾ, ಹ್ಯೂಸ್ಟನ್ ಯೂನಿವರ್ಸಿಟಿಗಳಲ್ಲಿ ಇದಕ್ಕೆ ಹಳೇ, ಗಟ್ಟಿ ಪ್ರೋಗ್ರಾಮ್‌ಗಳಿವೆ. ಕ್ಯಾಲಿಫೋರ್ನಿಯಾ ಮಾತ್ರ ಹಿಂದಕ್ಕೂ ಮುಂದಕ್ಕೂ ಓಡಾಡ್ತು. 1998ರಲ್ಲಿ ಪ್ರಾಪೊಸಿಷನ್ 227 (ಜನರೇ ಮತ ಹಾಕಿ ತರೋ ಕಾನೂನು) ಮೂಲಕ ಸ್ಕೂಲಲ್ಲಿ ದ್ವಿಭಾಷಾ ಶಿಕ್ಷಣನ ಬಹುತೇಕ ನಿಲ್ಲಿಸ್ತು, 2016ರಲ್ಲಿ ಪ್ರಾಪೊಸಿಷನ್ 58 ತಂದು ಅದನ್ನ ವಾಪಸ್ ತಗೊಳ್ತು. ಆ ಮಧ್ಯದ ಹದಿನೆಂಟು ವರ್ಷದಲ್ಲಿ ಅಲ್ಲಿ ಓದಿದೋರು ಒಂದು ಇಡೀ ತಲೆಮಾರು.

ಯಾರು ಏನು ಹೇಳ್ತಾರೆ

ಮೊದಲನೇ ವಾದ ಸರಳ: ಅವರಿಗೆ ಬರತ್ತಲ್ಲ, ಪರೀಕ್ಷೆ ಬರೆಸಿ ಕ್ರೆಡಿಟ್ ಕೊಟ್ಟು ಮುಂದೆ ಕಳಿಸಿ. ಕ್ಲೆಪ್ ಅನ್ನೋ ಪರೀಕ್ಷೆ ಇದಕ್ಕೇ ಇದೆ, ಪಾಸಾದ್ರೆ ಫೀಸೂ ಉಳಿಯತ್ತೆ, ಟೈಮೂ ಉಳಿಯತ್ತೆ. ಕಷ್ಟಪಟ್ಟು ಓದೋ ಮನೆಯ ಮಕ್ಕಳಿಗೆ ಇದು ನಿಜವಾಗ್ಲೂ ಸಹಾಯ, ಇದನ್ನ ತಳ್ಳಿಹಾಕೋ ಹಾಗಿಲ್ಲ. ಆದ್ರೆ ಕ್ರೆಡಿಟ್ ಸಿಕ್ತು ಅಂದ್ರೆ ಪ್ರಬಂಧ ಬರೆಯೋಕೆ ಬಂತು ಅಂತಲ್ಲ, ಭಾಷೆ ಮನೆ ಹೊಸಿಲಲ್ಲೇ ನಿಲ್ಲತ್ತೆ.

ಎರಡನೇ ಗುಂಪು ಶಿಷ್ಟ ಭಾಷೆಯವರದ್ದು. "ಇರಲಿ" ಅನ್ನೋದಕ್ಕೆ "ಆಯಾ" ಅನ್ನೋ ಜಾಗದಲ್ಲಿ "ಆಯಿಗಾ" ಅನ್ನೋದು, ಟ್ರಕ್‌ಗೆ "ತ್ರೋಕಾ", ಮಧ್ಯಾಹ್ನದ ಊಟಕ್ಕೆ "ಲೋಂಚೆ" ಅನ್ನೋದು, ಇದನ್ನೆಲ್ಲಾ ತಿದ್ದಬೇಕು, ಇಲ್ದಿದ್ರೆ ಕೆಲಸದ ಇಂಟರ್‌ವ್ಯೂನಲ್ಲಿ ಹೊರಗೆ ಉಳೀತಾರೆ ಅಂತ ಇವರು ಹೇಳ್ತಾರೆ. ಹಳೇ ಪಠ್ಯಪುಸ್ತಕಗಳು ಹೆಚ್ಚಾಗಿ ಈ ದಾರೀಲೇ ಹೋದ್ವು.

ಮೂರನೇ ಗುಂಪು ಇದಕ್ಕೆ ನೇರ ವಿರೋಧ. ನ್ಯೂ ಮೆಕ್ಸಿಕೋದ ಹಳ್ಳಿಗಳಲ್ಲಿ "ತಂದೆ" (ತಗೊಂಡು ಬಂದೆ) ಅನ್ನೋದಕ್ಕೆ ಇವತ್ತಿನ ಶಿಷ್ಟ ರೂಪ "ತ್ರಾಹೆ" ಬದಲು "ತ್ರೂಹೆ" ಅಂತಾರೆ, ಅದು 16, 17ನೇ ಶತಮಾನದ ಸ್ಪೇನಿನ ಬರಹದಲ್ಲೇ ಇರೋ ರೂಪ. ಅದನ್ನ ತಪ್ಪು ಅಂತ ಕೆಂಪು ಗೆರೆ ಎಳೆದ್ರೆ ನಾನೂರು ವರ್ಷ ಜೋಪಾನ ಮಾಡ್ಕೊಂಡು ಬಂದಿದ್ದನ್ನ ಅಳಿಸಿದ ಹಾಗೆ ಅಂತಾರೆ ಇವರು. ನೆಲ್ಸನ್ ಫ್ಲೋರೆಸ್ ಮತ್ತು ಜೊನಾಥನ್ ರೋಸಾ ಅನ್ನೋ ಇಬ್ರು ಭಾಷಾ ಸಂಶೋಧಕರು 2015ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಇನ್ನೂ ಮುಂದೆ ಹೋದ್ರು: ಈ ಹುಡುಗರು ಭಾಷೆನ ಎಷ್ಟೇ ತಿದ್ಕೊಂಡ್ರೂ ಕೇಳೋರು ಅವರ ಜನಾಂಗ ನೋಡಿಯೇ ತಪ್ಪು ಹುಡುಕ್ತಾರೆ, ಹಾಗಾಗಿ ಸಮಸ್ಯೆನ ಬರೀ ಮಾತಾಡೋರ ತಲೆಗೆ ಕಟ್ಟಬಾರದು ಅಂತ.

ಭಾಷಾವಿಜ್ಞಾನಿಗಳ ಒಳಗೂ ಒಂದು ಜಗಳ ಇದೆ. ಸಿಲ್ವಿನಾ ಮೊಂಟ್ರುಲ್ ಅವರು ಹೆರಿಟೇಜ್ ಸ್ಪೀಕರ್‌ಗಳ ಭಾಷೆ ಬಗ್ಗೆ "ಅಪೂರ್ಣ ಕಲಿಕೆ" ಅನ್ನೋ ಮಾತನ್ನ ಮುಂದಿಟ್ರು, ಜೇಸನ್ ರಾತ್‌ಮನ್ ಥರದೋರು ಅಪೂರ್ಣ ಅಲ್ಲ, ಅವರ ಕಿವಿಗೆ ಬಿದ್ದಿದ್ದೇ ಬೇರೆ ಥರದ ಸ್ಪ್ಯಾನಿಷ್, ಅದನ್ನ ಅವರು ಪೂರ್ತಿಯಾಗೇ ಕಲಿತಿದಾರೆ ಅಂದ್ರು. ಕ್ಲಾಸಲ್ಲಿ ಇದ್ರ ಪರಿಣಾಮ ನೇರ. ಅಪೂರ್ಣ ಅಂದ್ಕೊಂಡ್ರೆ ಮೇಷ್ಟ್ರು ತುಂಬಿಸೋಕೆ ಹೋಗ್ತಾರೆ, ಬೇರೆ ಅಂದ್ಕೊಂಡ್ರೆ ಅದ್ರ ಪಕ್ಕದಲ್ಲಿ ಇನ್ನೊಂದನ್ನ ಬೆಳೆಸೋಕೆ ಹೋಗ್ತಾರೆ.

ನನ್ನ ಪ್ರಕಾರ ಎರಡನೇ ಮತ್ತು ಮೂರನೇ ಗುಂಪಿನ ದೂರ ಕ್ಲಾಸ್ ರೂಮೊಳಗೆ ಅಷ್ಟೊಂದು ಇಲ್ಲ. ಒಳ್ಳೇ ಮೇಷ್ಟ್ರು "ಆಯಿಗಾ"ನ ಅಜ್ಜಿ ಹತ್ರ ಮಾತಾಡು, ಅರ್ಜಿ ಬರೆಯುವಾಗ "ಆಯಾ" ಹಾಕು, ಯಾಕೆ ಒಂದಕ್ಕೆ ಮರ್ಯಾದೆ ಇನ್ನೊಂದಕ್ಕಿಲ್ಲ ಅನ್ನೋದನ್ನೂ ತಿಳ್ಕೋ ಅಂತ ಮೂರನ್ನೂ ಒಂದೇ ದಿನ ಕಲಿಸ್ತಾರೆ. ಆದ್ರೆ ಹಾಗೆ ಕಲಿಸೋಕೆ ಪ್ರತ್ಯೇಕ ಕ್ಲಾಸೂ ಬೇಕು, ತರಬೇತಿ ಆದ ಮೇಷ್ಟ್ರೂ ಬೇಕು. ಬಹಳಷ್ಟು ಕಡೆ ಕಲಿಸೋರು ಪಿಎಚ್‌ಡಿ ಮಾಡ್ತಿರೋ ವಿದ್ಯಾರ್ಥಿಗಳು ಅಥವಾ ವರ್ಷದ ಕಾಂಟ್ರಾಕ್ಟಲ್ಲಿರೋರು, ಅವರಿಗೆ ಸಿಕ್ಕಿರೋ ತರಬೇತಿ ಹೊರಗಿನೋರಿಗೆ ಕಲಿಸೋದ್ರಲ್ಲಿ.

ಹುಡುಗರು ಎರಡೂ ಕಡೆ ಸಿಕ್ಕಾಕೊಳೋದು

ಸ್ಪ್ಯಾನಿಷ್ ಸರಿಯಾಗಿ ಬರ್ದಿರೋ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಹುಡುಗರನ್ನ "ನೋ ಸಾಬೋ ಕಿಡ್ಸ್" ಅಂತ ಆಡ್ಕೋತಾರೆ. "ಗೊತ್ತಿಲ್ಲ" ಅನ್ನೋಕೆ "ನೋ ಸೇ" ಅನ್ನೋ ಜಾಗದಲ್ಲಿ "ನೋ ಸಾಬೋ" ಅನ್ನೋ ತಪ್ಪಿಂದ ಬಂದ ಹೆಸರು. ಪ್ಯೂ ವರದಿ ಪ್ರಕಾರ ಸ್ಪ್ಯಾನಿಷ್ ಸರಿಯಾಗಿ ಬರ್ದಿರೋ ಹಿಸ್ಪಾನಿಕ್‌ಗಳಲ್ಲಿ ಶೇ 54ರಷ್ಟು ಜನಕ್ಕೆ ತಮ್ಮವರಿಂದಲೇ ಇದಕ್ಕಾಗಿ ಅವಮಾನ ಆಗಿದೆ. ಆ ಕಡೆ ಬೀದೀಲಿ ಸ್ಪ್ಯಾನಿಷ್ ಮಾತಾಡಿದ್ರೆ ಸಂಶಯದಿಂದ ನೋಡ್ತಾರೆ, ಈ ಕಡೆ ಮನೆ ಫಂಕ್ಷನ್‌ನಲ್ಲಿ ಮಾತಾಡ್ದಿದ್ರೆ ನಗ್ತಾರೆ. ಇಂಥಾ ಹುಡುಗ ಧೈರ್ಯ ಮಾಡಿ ಕಾಲೇಜಲ್ಲಿ ಸ್ಪ್ಯಾನಿಷ್ ತಗೊಂಡಾಗ ಮೊದಲ ವಾರವೇ ಮೇಷ್ಟ್ರು "ನಿಂಗೆ ಇಷ್ಟೂ ಗೊತ್ತಿಲ್ವಾ" ಅಂದ್ರೆ ಅವನು ಮತ್ತೆ ಆ ಕಡೆ ತಿರುಗಿ ನೋಡಲ್ಲ.

ದುಡ್ಡಿನ ಕೊಂಡಿ ಎಲ್ಲಿದೆ

ಈಗ ಸೆಪ್ಟೆಂಬರ್ ಸುದ್ದಿಗೆ ಬರೋಣ. ಪೂರ್ಣಾವಧಿ ಲೆಕ್ಕದಲ್ಲಿ ಪದವಿ ವಿದ್ಯಾರ್ಥಿಗಳಲ್ಲಿ ಕನಿಷ್ಠ ಶೇ 25 ಹಿಸ್ಪಾನಿಕ್ ಇರೋ ಕಾಲೇಜನ್ನ ಹಿಸ್ಪಾನಿಕ್ ಸರ್ವಿಂಗ್ ಇನ್‌ಸ್ಟಿಟ್ಯೂಷನ್ ಅಂತಾರೆ, ಆ ಗ್ರಾಂಟಿನ ದೊಡ್ಡ ಪಾಲು ಹೋಗ್ತಿದ್ದದ್ದು ಇಂಥಾ ಕಾಲೇಜುಗಳಿಗೇ. ಇಂಥವು ಸುಮಾರು 600 ಇವೆ, ದೇಶದ ಹಿಸ್ಪಾನಿಕ್ ಪದವಿ ವಿದ್ಯಾರ್ಥಿಗಳಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಜನ ಅಲ್ಲೇ ಓದ್ತಾರೆ. ಈ ಶೇ 25ರ ನಿಯಮನೇ ಜನಾಂಗದ ಕೋಟಾ ಇದ್ದ ಹಾಗೆ, ಸಂವಿಧಾನಕ್ಕೆ ವಿರುದ್ಧ ಅಂತ 2025ರ ಜೂನ್‌ನಲ್ಲಿ ಟೆನೆಸಿ ರಾಜ್ಯ ಮತ್ತು ಸ್ಟೂಡೆಂಟ್ಸ್ ಫಾರ್ ಫೇರ್ ಅಡ್ಮಿಷನ್ಸ್ ಅನ್ನೋ ಸಂಸ್ಥೆ ಕೇಸ್ ಹಾಕಿದ್ರು. ಜುಲೈನಲ್ಲಿ ನ್ಯಾಯ ಇಲಾಖೆ ಇದನ್ನ ನಾವು ಸಮರ್ಥಿಸಲ್ಲ ಅಂತು, ಸೆಪ್ಟೆಂಬರ್‌ನಲ್ಲಿ ಗ್ರಾಂಟ್ ನಿಂತೋಯ್ತು. ಸರ್ಕಾರದ ವಾದ ಏನಂದ್ರೆ ಹತ್ತು ಜನ ಬಡ ಹಿಸ್ಪಾನಿಕ್ ಹುಡುಗರು ಶೇ 25 ಮುಟ್ಟದ ಕಾಲೇಜಲ್ಲಿದ್ರೆ ಅವರಿಗ್ಯಾಕೆ ಸಿಗಬಾರದು, ಸಹಾಯ ಕಷ್ಟ ನೋಡಿ ಹೋಗ್ಬೇಕು, ಜನಾಂಗ ಎಣಿಸಿ ಅಲ್ಲ. ಕಾಲೇಜುಗಳ ವಾದ ಏನಂದ್ರೆ ಆ ದುಡ್ಡು ಬಂದ ಮೇಲೆ ಲ್ಯಾಬು, ಟ್ಯೂಟರಿಂಗು, ಸಲಹೆಗಾರರು ಎಲ್ಲಾ ವಿದ್ಯಾರ್ಥಿಗಳಿಗೂ ಸಿಗ್ತಿತ್ತು.

ಗಮನಿಸ್ಬೇಕಾದ್ದು, ಈ ಗ್ರಾಂಟು ಸ್ಪ್ಯಾನಿಷ್ ಕ್ಲಾಸ್ ನಡೆಸೋಕೆ ಅಂತ ಇಟ್ಟಿದ್ದಲ್ಲ. ಹೊಡೆತ ಸುತ್ತಿಬಳಸಿ ಬರತ್ತೆ. ಗ್ರಾಂಟ್ ಹೋದ ಕಾಲೇಜು ಆ ಸಲಹೆಗಾರರ ಸಂಬಳನ ತನ್ನ ಬಜೆಟ್ಟಿಂದ ಕೊಡ್ಬೇಕು, ಬಜೆಟ್ ಬಿಗಿ ಆದಾಗ ಡೀನ್ ಮೊದಲು ನೋಡೋದು ಕಡಿಮೆ ಹುಡುಗರಿರೋ ಸೆಕ್ಷನ್‌ಗಳನ್ನ, ಭಾಷೆಗಳು ಆ ಪಟ್ಟೀಲಿ ಮೊದಲೇ ಇವೆ. ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ ಅನ್ನೋ ಭಾಷಾ ಅಧ್ಯಾಪಕರ ಸಂಘದ ಲೆಕ್ಕದಲ್ಲಿ 2016ರಿಂದ 2021ರ ಒಳಗೆ ಕಾಲೇಜುಗಳಲ್ಲಿ ಇಂಗ್ಲಿಷೇತರ ಭಾಷೆಗೆ ಸೇರೋರು ಶೇ 16.6ರಷ್ಟು ಕಡಿಮೆ ಆದ್ರು, ಸ್ಪ್ಯಾನಿಷ್ ಶೇ 18ರಷ್ಟು ಇಳಿದು ಸುಮಾರು 5.84 ಲಕ್ಷಕ್ಕೆ ಬಂತು. ವೆಸ್ಟ್ ವರ್ಜೀನಿಯಾ ಯೂನಿವರ್ಸಿಟಿ 2023ರಲ್ಲಿ ತನ್ನ ಭಾಷೆಗಳ ವಿಭಾಗನೇ ಮುಚ್ಚೋಕೆ ಹೋಗಿ ಗಲಾಟೆ ಆದ ಮೇಲೆ ಸ್ಪ್ಯಾನಿಷ್, ಚೈನೀಸ್ ಕಲಿಸೋ ಕೆಲವರನ್ನ ಮಾತ್ರ ಉಳಿಸ್ಕೊಳ್ತು. ಇಂಡಿಯಾನಾದಲ್ಲಿ 2025ರ ಕಾನೂನು ಪ್ರಕಾರ ಮೂರು ವರ್ಷದ ಸರಾಸರೀಲಿ 15 ಪದವೀಧರರೂ ಬರ್ದಿರೋ ಬ್ಯಾಚುಲರ್ ಪ್ರೋಗ್ರಾಮ್ ಮುಂದುವರಿಸೋಕೆ ವಿಶೇಷ ಒಪ್ಪಿಗೆ ಬೇಕು.

ಇಂಥಾ ಹೊತ್ತಲ್ಲಿ ಸ್ಪ್ಯಾನಿಷ್ ಪೂರ್ತಿ ಮುಚ್ಚಲ್ಲ. "ಎರಡು ಸ್ಪ್ಯಾನಿಷ್ ಯಾಕೆ, ಒಂದು ಮಾಡಿ" ಅಂತಾರೆ. ಕಾಗದದ ಮೇಲೆ ಏನೂ ರದ್ದಾಗಿರಲ್ಲ, ಪ್ರತಿಭಟಿಸೋಕೆ ಒಂದು ಆದೇಶನೂ ಇರಲ್ಲ, ಹೆರಿಟೇಜ್ ಸೆಕ್ಷನ್ ಮುಂದಿನ ಸೆಮಿಸ್ಟರ್ ಪಟ್ಟೀಲಿ ಇರಲ್ಲ ಅಷ್ಟೇ. ನಿಷೇಧಕ್ಕಿಂತ ಈ ವಿಲೀನನೇ ಜಾಸ್ತಿ ಅಪಾಯ, ಯಾಕಂದ್ರೆ ಮೇಲೆ ನೋಡಿದ ಹಾಗೆ ಒಂದೇ ಕ್ಲಾಸಾದ್ರೆ ಎರಡೂ ಥರದ ಹುಡುಗರು ಬಿಟ್ಟು ಹೋಗ್ತಾರೆ, ಬಿಟ್ಟು ಹೋದಾಗ ಸಂಖ್ಯೆ ಇನ್ನೂ ಇಳಿಯತ್ತೆ, ಇಳಿದ ಸಂಖ್ಯೆನೇ ಮುಂದಿನ ಕಡಿತಕ್ಕೆ ಕಾರಣ ಆಗತ್ತೆ.

ಮುಂದೆ ಏನಾಗ್ಬಹುದು

ಮೊದಲ ಪರಿಣಾಮ ಆಸ್ಪತ್ರೆ ಮತ್ತು ಸ್ಕೂಲುಗಳಲ್ಲಿ ಕಾಣತ್ತೆ. ಇಂಗ್ಲಿಷ್ ಬರ್ದಿರೋ ಅಪ್ಪ-ಅಮ್ಮನಿಗೆ ಡಾಕ್ಟರ್ ಮಾತನ್ನ ಅನುವಾದ ಮಾಡ್ಕೊಂಡೇ ಬೆಳೆದೋರು ಈ ಹುಡುಗರು. ಒಂಬತ್ತು ವರ್ಷದ ಹುಡುಗಿ ಅಮ್ಮನ ಬಯಾಪ್ಸಿ ರಿಪೋರ್ಟ್ ಬಗ್ಗೆ ಡಾಕ್ಟರ್ ಹೇಳಿದ್ದನ್ನ ತನಗೆ ಗೊತ್ತಿರೋ ಪದಗಳಲ್ಲಿ ಹೇಳೋದು ಎಷ್ಟು ಕಷ್ಟ, ಎಷ್ಟು ಅಪಾಯ ಅಂತ ಯೋಚಿಸಿ. ಅದಕ್ಕೇ ಒಬಾಮಾ ಕಾಲದ ಆರೋಗ್ಯ ಕಾಯ್ದೆಯ ನಿಯಮಗಳು ತುರ್ತು ಸಂದರ್ಭ ಬಿಟ್ಟು ಮಕ್ಕಳನ್ನ ಹೀಗೆ ಬಳಸ್ಬಾರದು, ಅರ್ಹ ದುಭಾಷಿ ಬೇಕು ಅಂತ ಹೇಳ್ತವೆ. ಆ ಅರ್ಹ ದುಭಾಷಿ ಎಲ್ಲಿಂದ ಬರ್ಬೇಕು? ಅದೇ ಹುಡುಗಿ ಬೆಳೆದು ಕಾಲೇಜಲ್ಲಿ ಹೆರಿಟೇಜ್ ಕ್ಲಾಸಿಗೆ ಸೇರಿ, ವೈದ್ಯಕೀಯ ಪದಗಳನ್ನ, ಗೌರವದ ಮಾತನ್ನ, ಬರವಣಿಗೆನ ಕಲಿತು ಬರ್ಬೇಕು. ದ್ವಿಭಾಷಾ ಶಿಕ್ಷಕರೂ ಹೀಗೇ ತಯಾರಾಗೋದು. ಆ ಕ್ಲಾಸ್ ಹೋದ್ರೆ ಅಲ್ಲಿಂದ ಬರೋರು ಕಡಿಮೆ ಆಗ್ತಾರೆ.

ಎರಡನೇದು ಕಾನೂನಿನ ಕಡೆ. 2025ರ ಮಾರ್ಚ್ 1ಕ್ಕೆ ಟ್ರಂಪ್ ಇಂಗ್ಲಿಷನ್ನ ಅಮೆರಿಕದ ಅಧಿಕೃತ ಭಾಷೆ ಅಂತ ಆದೇಶ ಹೊರಡಿಸಿ, ಇಂಗ್ಲಿಷ್ ಸರಿಯಾಗಿ ಬರ್ದಿರೋರಿಗೆ ಸರ್ಕಾರಿ ಸೇವೆ ಅವರ ಭಾಷೇಲಿ ಸಿಗ್ಲಿ ಅಂತ ಕ್ಲಿಂಟನ್ 2000ದಲ್ಲಿ ಹೊರಡಿಸಿದ್ದ ಆದೇಶನ ರದ್ದು ಮಾಡಿದ್ರು. ಇದು ಕಾಲೇಜಲ್ಲಿ ಸ್ಪ್ಯಾನಿಷ್ ಕಲಿಸೋದನ್ನ ನಿಲ್ಲಿಸಲ್ಲ, ಅನುವಾದ ಮಾಡೋದನ್ನೂ ನಿಷೇಧಿಸಲ್ಲ. ಆದ್ರೆ ಸರ್ಕಾರಿ ಕಚೇರಿಗಳಿಗೆ ದ್ವಿಭಾಷಾ ಸಿಬ್ಬಂದಿ ಇಟ್ಕೊಳೋ ಒತ್ತಾಯ ಕಡಿಮೆ ಆದ್ರೆ, ಸ್ಪ್ಯಾನಿಷ್ ಓದಿದ್ರೆ ಕೆಲಸ ಸಿಗತ್ತೆ ಅನ್ನೋ ಭರವಸೇನೂ ಕಡಿಮೆ ಆಗತ್ತೆ, ಅದು ನೇರವಾಗಿ ಕ್ಲಾಸಿಗೆ ಸೇರೋರ ಸಂಖ್ಯೆಗೆ ತಟ್ಟತ್ತೆ.

ಮೂರನೇದು ಭಯ. ಇದನ್ನ ಅಳೆಯೋದು ಕಷ್ಟ. ಸ್ಪ್ಯಾನಿಷ್ ಮಾತಾಡಿದ್ದೂ ಒಂದು ಕಾರಣವಾಗಿ ವಲಸೆ ಇಲಾಖೆಯವರು ತಡೀಬಹುದು ಅನ್ನೋ ಪರಿಸ್ಥಿತೀಲಿ ಮಗುಗೆ "ಹೊರಗಡೆ ಇಂಗ್ಲಿಷಲ್ಲೇ ಮಾತಾಡು" ಅಂತ ಹೇಳೋ ತಾಯಿನ ಯಾರು ತಪ್ಪು ಅನ್ನೋಕೆ ಆಗತ್ತೆ? 1960ರ ದಶಕದಲ್ಲಿ ಟೆಕ್ಸಾಸಿನ ತಾಯಂದಿರು ಮಾಡಿದ್ದೂ ಇದೇ, ಅದ್ರ ಫಲ ಎರಡು ತಲೆಮಾರು ಕಳೆದ ಮೇಲೆ ಕಾಣ್ತು.

ಕನ್ನಡದೋರಿಗೆ ಇದ್ರಲ್ಲಿ ಏನಿದೆ

ಅಮೆರಿಕದಲ್ಲಿರೋ ಕನ್ನಡ ಮನೆಗಳ ಮಕ್ಕಳೂ ಹೆರಿಟೇಜ್ ಸ್ಪೀಕರ್‌ಗಳೇ. ಅಲ್ಲಿನ ಹೆಚ್ಚಿನ ಕಾಲೇಜುಗಳಲ್ಲಿ ಕನ್ನಡ ಸಿಗಲ್ಲ, ಹಾಗಾಗಿ ಭಾಷೆಯ ಕ್ರೆಡಿಟ್‌ಗೆ ಇವರಲ್ಲಿ ಎಷ್ಟೋ ಜನ ಸ್ಪ್ಯಾನಿಷನ್ನೇ ತಗೋತಾರೆ, ಅಂದ್ರೆ ಮೇಲೆ ಹೇಳಿದ ಕ್ಲಾಸಲ್ಲಿ ಹೊರಗಿನ ಹುಡುಗರಾಗಿ ಕೂರ್ತಾರೆ. ವಾರಾಂತ್ಯದ ಕನ್ನಡ ಕ್ಲಾಸುಗಳನ್ನ ಸ್ವಯಂಸೇವಕರು ನಡೆಸ್ತಿದಾರೆ, ಅಲ್ಲೂ ಅದೇ ಕಷ್ಟ: ಅರ್ಥ ಆಗೋ ಮಗುಗೂ ಏನೂ ಗೊತ್ತಿಲ್ಲದ ಮಗುಗೂ ಒಂದೇ ಅಕ್ಷರಮಾಲೆ ಪುಸ್ತಕ. ಸ್ಪ್ಯಾನಿಷ್‌ನವರು ಐವತ್ತು ವರ್ಷದಲ್ಲಿ ಕಂಡ್ಕೊಂಡ ವಿಧಾನಗಳು, ಅಂದ್ರೆ ಮಾತಿಂದ ಬರಹಕ್ಕೆ ಹೋಗೋದು, ಮನೆಯ ಆಡುಮಾತನ್ನ ತಿದ್ದೋ ಬದಲು ಅದ್ರ ಮೇಲೆ ಕಟ್ಟೋದು, ಕ್ಲಾಸಿಗೆ ಸೇರಿಸೋ ಮುಂಚೆ ಮನೇಲಿ ಯಾರ ಜೊತೆ ಯಾವ ಭಾಷೆ ಅಂತ ಕೇಳಿ ತಿಳ್ಕೊಳೋದು, ಇದನ್ನೆಲ್ಲಾ ನಮ್ಮೋರು ಹಾಗೇ ತಗೊಂಡು ಬಳಸ್ಬಹುದು.

ಕಾಲೇಜುಗಳ ಕೈಯಲ್ಲಿ ಏನಿದೆ

ಎಲ್ಲವೂ ವಾಷಿಂಗ್ಟನ್ ಕೈಯಲ್ಲಿಲ್ಲ. ಎರಡು ಸೆಕ್ಷನ್ ನಡೆಸೋಕೆ ಆಗಲ್ಲ ಅಂದ್ರೆ ಮೊದಲ ವರ್ಷದಲ್ಲಾದ್ರೂ ಬೇರೆ ಇಟ್ಟು ಮೂರನೇ ವರ್ಷದ ಸಾಹಿತ್ಯ, ಅನುವಾದದ ಕ್ಲಾಸಲ್ಲಿ ಸೇರಿಸ್ಬಹುದು, ಅಷ್ಟೊತ್ತಿಗೆ ಇಬ್ರ ಮಟ್ಟನೂ ಹತ್ತಿರ ಬಂದಿರತ್ತೆ. ಸರ್‌ನೇಮ್ ನೋಡಿ ಹೆರಿಟೇಜ್ ಕ್ಲಾಸಿಗೆ ಹಾಕೋದು ಯಾವತ್ತೂ ತಪ್ಪೇ ಆಗಿತ್ತು, ಈಗಿನ ಕಾನೂನಿನ ವಾತಾವರಣದಲ್ಲಿ ಕೇಸೂ ಆಗ್ಬಹುದು. ಅದ್ರ ಬದಲು ಹತ್ತು ಪ್ರಶ್ನೆಯ ಒಂದು ಫಾರ್ಮು ಮತ್ತು ಸ್ವಲ್ಪ ಮಾತುಕತೆ ಸಾಕು. ಭಾಷಾ ಅನುಭವ ನೋಡಿ ವಿಂಗಡಿಸಿದ್ರೆ ಆ ಕ್ಲಾಸಿಗೆ ಸ್ಪ್ಯಾನಿಷ್ ಮನೆಭಾಷೆ ಆಗಿರೋ ಯಾವ ಜನಾಂಗದೋರೂ ಸೇರ್ಬಹುದು, ಶೇ 25ರ ಲೆಕ್ಕ ಕೋರ್ಟಲ್ಲಿ ಏನೇ ಆದ್ರೂ ಆ ವಿಂಗಡಣೆಗೆ ತೊಂದ್ರೆ ಬರಲ್ಲ. ಇದನ್ನ ಬರವಣಿಗೇಲಿ ನಿಯಮವಾಗಿ ಇಟ್ಕೊಂಡಿರೋ ವಿಭಾಗಗಳಿಗೆ ಡೀನ್ ಮುಂದೆ ವಾದ ಮಾಡೋಕೆ ಒಂದು ಆಧಾರ ಇರತ್ತೆ, ಇಟ್ಕೊಳ್ದೇ ಇರೋರು ಮುಂದಿನ ಬಜೆಟ್ ಮೀಟಿಂಗ್‌ಗೆ ಮುಂಚೆ ಅದನ್ನ ಬರೆದಿಟ್ಕೋಬೇಕು.